ಪ್ರತಿಕ್ರಿಯೆ: ಬೈಬಲನ್ನು ಎಲ್ಲಿಂದ ಓದಬೇಕು?

ತಂದೆ ತೀರಿಕೊಂಡ ಮೇಲೆ ಸಮಾಧಾನಕ್ಕೆಂದು ಬೈಬಲನ್ನು ಆದಿಕಾಂಡದಿಂದ ಓದತೊಡಗಿ, ಯಾಜಕಕಾಂಡದಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಬರೆದಿದ್ದೀರಿ. ಅಲ್ಲಿನ ಬಲಿಯ ನಿಯಮಗಳನ್ನು ಸದ್ಯಕ್ಕೆ ಬದಿಗಿಡಿ. ಅವು ಎಲ್ಲಿಗೂ ಓಡಿಹೋಗುವುದಿಲ್ಲ. 1 ಅರಸುಗಳು ಎಂಬ ಪುಸ್ತಕದ 19ನೆಯ ಅಧ್ಯಾಯ ತೆರೆಯಿರಿ. ಬದುಕು ಸಾಕೆಂದು ಪ್ರವಾದಿ ಎಲೀಯನು ಅರಣ್ಯದಲ್ಲಿ ಗಿಡವೊಂದರ ಕೆಳಗೆ ಮಲಗುತ್ತಾನೆ. ದೇವದೂತ ಬಂದು ಉಪದೇಶ ಮಾಡುವುದಿಲ್ಲ. ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಎನ್ನುತ್ತಾನೆ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗಿಬಿಡುತ್ತಾನೆ, ಅದಕ್ಕೂ ಗದರಿಕೆಯಿಲ್ಲ. ಆಮೇಲೆ ಕೀರ್ತನೆಗಳ ಪುಸ್ತಕದ 13ನೆಯ ಕೀರ್ತನೆ: ಆರೇ ವಚನ, ಇನ್ನೆಷ್ಟು ಕಾಲ ಎಂಬ ಮೊರೆ ಮತ್ತೆ ಮತ್ತೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ; ನನ್ನ ಮಟ್ಟಿಗೆ ಅದೂ ಆಸರೆಯೇ. ಪ್ರಲಾಪಗಳು ಎಂಬ ಶೋಕಗೀತೆಗಳ ಪುಸ್ತಕದ 3ನೆಯ ಅಧ್ಯಾಯದಿಂದ ಮಾತ್ರ ಸಮಾಧಾನದ ವಚನಗಳನ್ನಷ್ಟೇ ಹೆಕ್ಕಬೇಡಿ, ಅಳಲಿನಿಂದಲೇ ಓದುತ್ತಾ ಬನ್ನಿ.