ಅಡಾಪ್ಟರ್ ಇದೆ, ದನಿ ಮಾತ್ರ ಒಂದೇ ಕಡೆ

ಪ್ರಶ್ನೆ: ರೂಟರ್‌ಗೆ ಇಂಟರ್ನೆಟ್ ಫೋನ್ ಅಡಾಪ್ಟರ್ ಸೇರಿಸಿ ಹಳೆಯ ಲ್ಯಾಂಡ್‌ಲೈನ್ ಫೋನ್ ಜೋಡಿಸಿದ್ದೇನೆ. ಕರೆ ಹೋಗುತ್ತದೆ, ಆದರೆ ಆ ಕಡೆಯವರ ಮಾತು ಕೇಳಿಸದು. ಸ್ವಲ್ಪ ಹೊತ್ತಾದ ಮೇಲೆ ಹೊರಗಿನ ಕರೆಯೂ ಬರುವುದಿಲ್ಲ. ಪೋರ್ಟ್ ಫಾರ್ವರ್ಡ್ ಮಾಡಬೇಕೆ?

ಉತ್ತರ: ಹೊರಗಿನಿಂದ ಬರುವುದನ್ನು ರೂಟರ್ ನೇರ ಅಡಾಪ್ಟರ್‌ಗೆ ಕಳಿಸುವಂತೆ ಮಾಡುವ ಅದು ಕೊನೆಯ ಉಪಾಯ. ಮೊದಲು ರೂಟರ್ ಸೆಟ್ಟಿಂಗ್‌ನಲ್ಲಿ ‘ಎಸ್‌ಐಪಿ ಎಎಲ್‌ಜಿ’ ಹುಡುಕಿ ಆಫ್ ಮಾಡಿ. ರೂಟರ್, ಅಡಾಪ್ಟರ್ ಎರಡನ್ನೂ ಆರಿಸಿ ಮತ್ತೆ ಹಚ್ಚಿ. ಕರೆಗೆ ನೆರವಾಗಲೆಂದೇ ಇಟ್ಟಿರುವ ಈ ಸೌಲಭ್ಯ, ಕರೆ ಜೋಡಿಸುವ ಎಸ್‌ಐಪಿ ಸಂದೇಶದೊಳಗಿನ ಐಪಿ ವಿಳಾಸವನ್ನು ತಪ್ಪಾಗಿ ತಿದ್ದಿ ದನಿಯನ್ನು ದಾರಿ ತಪ್ಪಿಸುವುದೇ ಹೆಚ್ಚು. ಆಗಲೂ ಕೇಳಿಸದಿದ್ದರೆ ಅಡಾಪ್ಟರ್‌ನಲ್ಲಿ ಸ್ಟನ್ (ಅದಕ್ಕೆ ತನ್ನ ಹೊರಗಿನ ವಿಳಾಸ ತಿಳಿಸುವ ವ್ಯವಸ್ಥೆ) ಆನ್ ಮಾಡಿ. ಸರ್ವರ್ ಹೆಸರನ್ನು ಫೋನ್ ಸೇವೆ ಕೊಟ್ಟವರಿಂದ ಪಡೆಯಿರಿ. ಪೋರ್ಟ್ ಸಾಮಾನ್ಯವಾಗಿ 3478.

ಕರೆ ಬಾರದಿರುವುದು ಬೇರೆಯೇ ಕಾಯಿಲೆ. ಅಡಾಪ್ಟರ್ ಸುಮ್ಮನೆ ಕೂತರೆ, ರೂಟರ್ ಅದಕ್ಕಾಗಿ ತೆರೆದಿಟ್ಟ, ಕರೆಯ ಸಂದೇಶ ಸಾಗುವ ಯುಡಿಪಿ ದಾರಿಯನ್ನು ಮುಚ್ಚಿಬಿಡುತ್ತದೆ, ಕೆಲವು ರೂಟರ್‌ಗಳಲ್ಲಿ 30 ಸೆಕೆಂಡಿಗೇ. ಅಡಾಪ್ಟರ್‌ನಲ್ಲಿ, ದಾರಿ ಮುಚ್ಚದಂತೆ ಆಗಾಗ ಚಿಕ್ಕ ಸಂದೇಶ ಕಳಿಸುವ ‘ನ್ಯಾಟ್ ಕೀಪ್ ಅಲೈವ್’ ಆನ್ ಮಾಡಿ, ಅಂತರ 20 ಸೆಕೆಂಡ್ ಕೊಡಿ.

ಫೈಬರ್ ಕಂಪನಿಯ ಪೆಟ್ಟಿಗೆಯ ಹಿಂದೆ ನಿಮ್ಮದೇ ಇನ್ನೊಂದು ರೂಟರ್ ಇದೆಯೆ? ಹಾಗಿದ್ದರೆ ರೂಟರ್ ಕೆಲಸವನ್ನು ನಿಮ್ಮದೊಂದೇ ಮಾಡುವಂತೆ ಪೆಟ್ಟಿಗೆಯನ್ನು ಬ್ರಿಜ್ ಮೋಡ್‌ಗೆ ಹಾಕಿಸಿ. ರೂಟರ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ 100.64ರಿಂದ 100.127ರ ನಡುವಿನದಾಗಿದ್ದರೆ ಒಂದೇ ಹೊರವಿಳಾಸವನ್ನು ಕಂಪನಿ ಹಲವರಿಗೆ ಹಂಚಿದೆ ಎಂದರ್ಥ. ಅಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿಯೂ ಪ್ರಯೋಜನವಿಲ್ಲ.

ಪ್ರಶ್ನೆ: ಒಂದೇ ರೂಟರ್‌ಗೆ ಎರಡು ಅಡಾಪ್ಟರ್ ಹಾಕಬಹುದೆ?

ಉತ್ತರ: ಧಾರಾಳವಾಗಿ. ಒಂದಕ್ಕೆ ಸ್ಥಳೀಯ ಎಸ್‌ಐಪಿ ಪೋರ್ಟ್ 5060 ಇರಲಿ, ಇನ್ನೊಂದಕ್ಕೆ 5062 ಕೊಡಿ. ದನಿ ಸಾಗಿಸುವ ಆರ್‌ಟಿಪಿ ಪೋರ್ಟ್‌ಗಳ ವ್ಯಾಪ್ತಿಯೂ ಬೇರೆಯಿರಲಿ. ದನಿಯನ್ನು ಡಿಜಿಟಲ್ ಆಗಿ ಬದಲಿಸುವ ಜಿ.711 ಕೋಡೆಕ್‌ನಲ್ಲಿ ಪ್ರತಿ ಕರೆಗೆ ಒಂದೊಂದು ದಿಕ್ಕಿಗೂ ಸುಮಾರು 90 ಕೆಬಿಪಿಎಸ್ ಬೇಕು.