ಬೆಳಕು–ಬಟ್ಟೆ: ಮೂರನೇ ಲೈಟ್ ಬೇಕೇ?

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನನ್ನದೊಂದು ಬೊಟಿಕ್ ಇದೆ ಸಾರ್. ಹಿಂಬದಿಯ 10 ಅಡಿ ಅಗಲದ ರೂಮಿನಲ್ಲೇ ಸೀರೆ ಉಡಿಸಿ ಫೋಟೊ ತೆಗೆಯುತ್ತೇನೆ. ಬಿಳಿ ಗೋಡೆ, ಬೆಳಕು ಹರಡಲು ಅಂಬ್ರೆಲಾ ಹಾಕಿದ ಎರಡು ಫ್ಲ್ಯಾಶ್. ಮುಖ ಚಪ್ಪಟೆಯಾಗಿ ಬರುತ್ತೆ, ಜರಿ ಬಿಳಿಚಿ ಹೋಗುತ್ತೆ. ಮೂರನೇ ಲೈಟ್ ಕೊಳ್ಳಲೇ? ಎರಡು ಫೋಟೊ ಕಳಿಸಿದ್ದೇನೆ.

ಉತ್ತರ: ಕೊಳ್ಳಬೇಡಿ ಮೇಡಂ. ಇರುವ ಎರಡರಲ್ಲೇ ಒಂದನ್ನು ಆಫ್ ಮಾಡಿ. ನಿಮ್ಮ ಫೋಟೊ ದೊಡ್ಡದು ಮಾಡಿ ಕಣ್ಣು ನೋಡಿದೆ. ಒಂದೊಂದು ಗುಡ್ಡೆಯಲ್ಲೂ ಎಡಕ್ಕೊಂದು ಬಲಕ್ಕೊಂದು ಅಂಬ್ರೆಲಾ ಕೂತಿದೆ. ಹೀಗೆ ಎರಡು ಕಡೆಯಿಂದ ಸರಿಸಮ ಬೆಳಕು ಬಿದ್ದರೆ ಒಂದರ ನೆರಳನ್ನು ಇನ್ನೊಂದು ಅಳಿಸುತ್ತೆ. ಪಾಸ್‌ಪೋರ್ಟ್ ಫೋಟೊಗೆ ನಾವು ಬೇಕೆಂದೇ ಹಾಗಿಡುತ್ತೇವೆ. ಸಾಲದ್ದಕ್ಕೆ ಆ ಸಣ್ಣ ರೂಮಿನ ಗೋಡೆ, ಸೂರಿಗೆಲ್ಲ ಬಡಿದ ಬೆಳಕು ತಿರುಗಿ ಮುಖಕ್ಕೇ ಬರುತ್ತೆ.

ದುಡ್ಡು ಹಾಕುವುದಿದ್ದರೆ 3 ಅಡಿ ಅಗಲದ, ಗ್ರಿಡ್ (ಬೆಳಕು ಅಕ್ಕಪಕ್ಕ ಚೆಲ್ಲದಂತೆ ತಡೆಯುವ ಜಾಲರಿ) ಬರುವ ಸಾಫ್ಟ್‌ಬಾಕ್ಸ್‌ಗೆ, ಅಂದರೆ ಫ್ಲ್ಯಾಶ್ ಬೆಳಕನ್ನು ಮೆದುವಾಗಿಸುವ ಬಟ್ಟೆಯ ಪೆಟ್ಟಿಗೆಗೆ ಹಾಕಿ. ಮುಖದಿಂದ 3 ಅಡಿ ದೂರದಲ್ಲಿ, ಕಣ್ಣಿಗಿಂತ ಮೇಲೆ, ಓರೆಯಾಗಿ ಇಟ್ಟು, ಮೂಗಿನ ನೆರಳು ಕೆನ್ನೆಗೆ ಇಳಿಯುವವರೆಗೆ ಸ್ಟ್ಯಾಂಡ್ ಸರಿಸುತ್ತಾ ಹೋಗಿ. ಎದುರು ಬದಿಗೆ ಕಪ್ಪು ಬಟ್ಟೆ ಇಳಿಬಿಡಿ, ಕೆನ್ನೆಯ ಅಂಚು ಬಿಡಿಸಿ ಕಾಣುತ್ತೆ. ಗದ್ದದ ಕೆಳಗೆ ತೀರಾ ಕಪ್ಪಾದರೆ ಎದೆಮಟ್ಟಕ್ಕೆ ಒಂದು ಥರ್ಮಾಕೋಲ್ ಶೀಟ್ ಹಿಡಿಸಿ.

ಇದರಲ್ಲೊಂದು ತಾಪತ್ರಯವಿದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. ಲೈಟಿನಿಂದ ಮುಖ 3 ಅಡಿ, ಗೋಡೆ 6 ಅಡಿ ಇದ್ದರೆ ಬಿಳಿ ಗೋಡೆ ಬೂದಿಬಣ್ಣಕ್ಕೆ ತಿರುಗುತ್ತೆ, ಅದು ಚೆಂದವೇ. ಆದರೆ ಕೆಳಗಿನ ನೆರಿಗೆಯೂ ಮಂಕಾಗುತ್ತಲ್ಲ, ನೀವು ಮಾರಬೇಕಾದ್ದೇ ಅದು! ಬ್ಲೌಸಿನ ಕೆಲಸ ತೋರಿಸಲು ಲೈಟ್ ಹತ್ತಿರವಿರಲಿ. ಪೂರ್ತಿ ಸೀರೆಗೆ 6 ಅಡಿಗೆ ಒಯ್ದು ಪವರ್ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಏರಿಸಿ. ನೆರಳು ಕೊಂಚ ಗಡುಸಾಗುತ್ತೆ, ಸಹಿಸಿಕೊಳ್ಳಿ.

ಜರಿ ಕನ್ನಡಿಯ ಜಾತಿಯದು, ಬಿದ್ದ ಕೋನದಲ್ಲೇ ಬೆಳಕನ್ನು ಆಚೆ ಎಸೆಯುತ್ತೆ. ಅದು ನೇರ ಲೆನ್ಸಿಗೆ ಬಂದರೆ ಬಾರ್ಡರ್ ಬರೀ ಬಿಳಿ ಪಟ್ಟಿ. ಸೆರಗಿನ ಮಡಿಕೆಯನ್ನು ಚೂರು ತಿರುಗಿಸಿ ನೋಡಿ, ಅದೇ ಪಟ್ಟಿಯಲ್ಲಿ ನವಿಲು, ಬಳ್ಳಿ ಎದ್ದು ಬರುತ್ತವೆ. ಅಂದಹಾಗೆ, 'ಸ್ವಲ್ಪ ಬೆಳ್ಳಗೆ ಕಾಣೋ ಹಂಗೆ ತೆಗೀರಿ' ಅನ್ನುವವರ ಮಾತಿಗೆ ಎಕ್ಸ್‌ಪೋಷರ್ ಏರಿಸಿದರೆ ಮೊದಲು ಹಾಳಾಗುವುದೂ ಜರಿಯೇ. ಶಿವಮೊಗ್ಗದ ನನ್ನ ಸ್ಟುಡಿಯೊದಲ್ಲೂ ಈ ಬೇಡಿಕೆ ತಪ್ಪಿದ್ದಲ್ಲ. ನಾನು ಒಪ್ಪುವುದಿಲ್ಲ. ಕಪ್ಪು ಮೈಬಣ್ಣದ ಮೇಲೆ ಓರೆ ಬೆಳಕು ಕೂರುವಷ್ಟು ಚೆನ್ನಾಗಿ ಬೇರೆಲ್ಲೂ ಕೂರುವುದಿಲ್ಲ.

ಕ್ಯಾಮೆರಾ ಸೆಟ್ಟಿಂಗ್ ಶಟರ್ 1/160 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100ರಿಂದ ಶುರು ಮಾಡಿ. ಮೊದಲು ಫ್ಲ್ಯಾಶ್ ಇಲ್ಲದೆ ಒಂದು ತೆಗೆಯಿರಿ. ಫ್ರೇಮ್ ಪೂರ್ತಿ ಕಪ್ಪಾಗದಿದ್ದರೆ ರೂಮಿನ ಟ್ಯೂಬ್‌ಲೈಟ್ ಸೇರಿಕೊಳ್ಳುತ್ತಿದೆ ಎಂದರ್ಥ, ಆರಿಸಿಬಿಡಿ.

ಪ್ರಶ್ನೆ: ಸಾಗರದ ಮಳೆಗಾಲದಲ್ಲಿ ಕರೆಂಟ್ ನಂಬುವ ಹಾಗಿಲ್ಲ. ಮನೆಯ ಇನ್ವರ್ಟರ್‌ಗೆ ಸ್ಟುಡಿಯೊ ಫ್ಲ್ಯಾಶ್ ಹಾಕಬಹುದೇ?

ಉತ್ತರ: ಬೇಡ. ಪ್ರತಿ ಕ್ಲಿಕ್ ಆದಮೇಲೂ ಫ್ಲ್ಯಾಶ್ ಒಮ್ಮೆಲೇ ಕರೆಂಟ್ ಎಳೆಯುತ್ತೆ. ಸಾಧಾರಣ ಇನ್ವರ್ಟರ್ ಅದಕ್ಕಾಗಿ ಮಾಡಿದ್ದಲ್ಲ. ಬ್ಯಾಟರಿ ಫ್ಲ್ಯಾಶ್ ತಗೊಳ್ಳಿ. ಎಲ್‌ಇಡಿ ಇನ್ವರ್ಟರ್‌ನಲ್ಲಿ ನಡೆಯುತ್ತೆ, ಆದರೆ ಬೆಳಕು ಕಡಿಮೆ, ಐಎಸ್‌ಒ ಏರಿಸಬೇಕಾಗುತ್ತೆ. ಜೂನ್‌ಗೆ ಮುಂಚೆಯೇ ಲೆನ್ಸುಗಳನ್ನು ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಜತೆ ಸೇರಿಸಿ, ಇಲ್ಲದಿದ್ದರೆ ಫಂಗಸ್ ಗ್ಯಾರಂಟಿ. ನೀಲಿ ಹರಳು ಗುಲಾಬಿಯಾದರೆ ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿ.