ಏರ್ ರೈಫಲ್‌ಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಗುರಿ ಸುಧಾರಿಸುತ್ತದೆಯೇ?

ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. 0.177 ಇಂಚಿನ (4.5 ಮಿ.ಮೀ.) ಬ್ರೇಕ್ ಬ್ಯಾರಲ್, ಅಂದರೆ ನಳಿಗೆ ಮಡಚುವ ರೈಫಲ್, 25 ಮೀಟರಿಗೆ ಗ್ರೂಪ್ (ಹೊಡೆತಗಳು ಹರಡುವ ಅಗಲ) ಎರಡು ಇಂಚು, ತೋಟದಲ್ಲಿ ಹೆಗ್ಗಣ, ಮಂಗ, ನವಿಲಿನ ಕಾಟ. ಗಟ್ಟಿ ಸ್ಪ್ರಿಂಗ್ ಹಾಕಲೋ ದೊಡ್ಡ ಸ್ಕೋಪ್ ಹಾಕಲೋ ಅಂತ ಕೇಳಿದ್ದೀರಿ. 2012ರಲ್ಲಿ ಪುಣೆಯ ಕೋಥ್ರೂಡಿನ ಬಾಡಿಗೆ ಮನೆಯಲ್ಲಿ ಕೂತು ನಾನು ಕೇಳಿದ್ದೂ ಇದನ್ನೇ. ಸ್ಪ್ರಿಂಗ್ ಹಾಕು ಅಂದರು, ಹಾಕಿದೆ. ಅಪ್ಪನ ಬಂದೂಕು ಹೋಯಿತು.

ಜರ್ಮನಿಯಲ್ಲಿ ತಯಾರಾದ ಹಳೇ ರೈಫಲ್ ಅದು. ಧಾರವಾಡದ ಮನೆಯ ಅಟ್ಟದ ಮೇಲೆ ಧೋತರದಲ್ಲಿ ಸುತ್ತಿ ಇಟ್ಟಿರುತ್ತಿದ್ದರು. ಜಾತ್ರೆಯಲ್ಲಿ ಬಲೂನ್ ಹೊಡೆಯುವ ಬಂದೂಕು ಬಿಟ್ಟರೆ ನಾನು ಮುಟ್ಟಿದ ಮೊದಲ ಬಂದೂಕು. ಹಿತ್ತಲ ಗೋಡೆಗೆ ಬೆಂಕಿಪೆಟ್ಟಿಗೆ ಒರಗಿಸಿ, "ಹೊಡೀಬ್ಯಾಡ, ಮೊದ್ಲ ನೋಡು" ಅನ್ನುತ್ತಿದ್ದರು ಅಪ್ಪ. ಅವರು ತೀರಿಕೊಂಡ ಮೇಲೆ ಅದನ್ನು ಪುಣೆಗೆ ಒಯ್ದೆ. ಚಿಂಚವಡದಲ್ಲಿ ಗೆಳೆಯನ ಉದ್ದನೆಯ ಶೆಡ್ಡು, ಹಿಂದೆ ಮಣ್ಣಿನ ಚೀಲ ಪೇರಿಸಿ ಭಾನುವಾರಕ್ಕೊಮ್ಮೆ ಹೊಡೆಯುತ್ತಿದ್ದೆವು. ಗ್ರೂಪ್ ಎರಡು ಇಂಚಿನಿಂದ ಇಳಿಯಲೇ ಇಲ್ಲ. ವೇಗ ಅಳೆದರೆ ಸೆಕೆಂಡಿಗೆ 165 ಮೀಟರ್. ನಿತ್ರಾಣ ಬಂದೂಕು, ಅದಕ್ಕೇ ಹೀಗೆ ಅಂತ ನಾನೇ ತೀರ್ಮಾನಿಸಿಬಿಟ್ಟೆ. ರವಿವಾರ ಪೇಠೆಯ ಕಡೆ ಒಬ್ಬರು ದಪ್ಪ ತಂತಿಯ, ಎರಡು ಸುತ್ತು ಹೆಚ್ಚಿದ್ದ ಸ್ಪ್ರಿಂಗ್ ಕೊಟ್ಟರು. ವೇಗ 190ಕ್ಕೆ ಏರಿತು. ಗ್ರೂಪ್ ಮೂರು ಇಂಚಾಯಿತು.

ಅಲ್ಲಿಗೇ ನಿಲ್ಲಿಸಬೇಕಿತ್ತು. "ಹೊಸ ಸ್ಪ್ರಿಂಗ್, ಹೊಂದಿಕೊಳ್ಳಲಿ" ಅಂತ ಇನ್ನೂ ಇನ್ನೂರು ಹೊಡೆದೆ.

ಈಗ ಈ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ. ಬ್ರೇಕ್ ಬ್ಯಾರಲ್‌ನಲ್ಲಿ ನಳಿಗೆಯನ್ನು ಕೆಳಗೆ ಮಡಚಿದಾಗ ಒಂದು ಕೊಂಡಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ಸ್ಪ್ರಿಂಗ್ ಕುಗ್ಗುತ್ತದೆ, ಕೊನೆಗೆ ಟ್ರಿಗರ್‌ನ ಕೊಕ್ಕೆ ಪಿಸ್ಟನ್ನಿನ ಕಚ್ಚಿನಲ್ಲಿ ಕೂರುತ್ತದೆ. ಅಷ್ಟೂ ಬಲವನ್ನು ಹಿಡಿದು ನಿಂತಿರುವುದು ಉಗುರಿನ ಅಂಚಿಗಿಂತ ಸಣ್ಣ ಒಂದು ಉಕ್ಕಿನ ಅಂಚು. ಅದನ್ನು ರೂಪಿಸಿದ್ದು ಮೂಲ ಸ್ಪ್ರಿಂಗಿನ ಭಾರಕ್ಕೆ, ಮೂವತ್ತು ವರ್ಷ ಸವೆದ ಮೇಲೆ ನಾನು ಹೇರಿದ ಭಾರಕ್ಕಲ್ಲ. ನಳಿಗೆ ಮಡಚಿ ನಿಂತಾಗಲೇ ನಾವು ಹೆಬ್ಬೆರಳಿನಿಂದ ಪೆಲೆಟ್ (ಸೀಸದ ಸಣ್ಣ ಗುಂಡು) ಒತ್ತುವುದು. ಆ ಹೊತ್ತಿನಲ್ಲಿ ಕೊಕ್ಕೆ ಜಾರಿದರೆ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಕೊಂಡಿ ನಳಿಗೆಯನ್ನು ತನ್ನ ಜೊತೆಗೇ ಎಳೆದು ಪಟ್ಟನೆ ಮೇಲಕ್ಕೆ ಬಡಿಯುತ್ತದೆ. ನಳಿಗೆಯ ಬುಡ ಬಂದು ಸಿಲಿಂಡರಿಗೆ ಅಪ್ಪಳಿಸಿ ನಿಂತರೂ ತುದಿ ನಿಲ್ಲುವುದಿಲ್ಲ, ತನ್ನ ಓಟಕ್ಕೆ ಮೇಲೆಯೇ ಹೋಗುತ್ತದೆ. ಉಕ್ಕಿನ ನಳಿಗೆ ಬುಡದಲ್ಲಿ ಬಾಗುವುದು ಹೀಗೆ.

ನನಗೆ ಆದದ್ದು ಇದೇ. ಪೆಲೆಟ್ ಕೂರಿಸಿ ಹೆಬ್ಬೆರಳು ತೆಗೆದಿದ್ದೆ ಅಷ್ಟೇ, ಸಿಡಿಲು ಬಿದ್ದ ಹಾಗೆ ಸದ್ದು. ನಳಿಗೆ ಮೇಲಕ್ಕೆ ಬಾಗಿತ್ತು, ಕಟ್ಟಿಗೆಯ ಹಿಡಿ ಕುತ್ತಿಗೆಯ ಹತ್ತಿರ ಸೀಳಿತ್ತು. ಅರ್ಧ ಸೆಕೆಂಡು ಮೊದಲಾಗಿದ್ದರೆ ಬಲಗೈ ಹೆಬ್ಬೆರಳು ಇರುತ್ತಿರಲಿಲ್ಲ. ಇನ್ನೊಂದು ಕೈಯಿಂದ ನಳಿಗೆಯನ್ನು ಬಿಗಿಯಾಗಿ ಹಿಡಿದೇ ಪೆಲೆಟ್ ಹಾಕಬೇಕು ಅನ್ನುವುದನ್ನು ಅಪ್ಪ ಹತ್ತನೇ ವಯಸ್ಸಿನಲ್ಲೇ ಕಲಿಸಿದ್ದರು. ಅವತ್ತು ಹಿಡಿದಿರಲಿಲ್ಲ.

ಮಡಿಕೇರಿಯ ಕಡೆಯ ಹಿರಿಯರೊಬ್ಬರು, ಸೈನ್ಯದಿಂದ ನಿವೃತ್ತರಾಗಿ ಖಡಕಿಯಲ್ಲಿ ನೆಲೆಸಿದವರು, ಅವರ ಹತ್ತಿರ ಒಯ್ದೆ. ಅವರು ನಳಿಗೆಯ ಕಡೆ ನೋಡಲೇ ಇಲ್ಲ. ಹಿಡಿಯ ಮುಂಭಾಗದ ಎರಡು ಸ್ಕ್ರೂ ಬಿಚ್ಚಿ, ಎಡಗಡೆಯ ತೂತಿಗೆ ಒಂದು ಮೊಳೆ ಇಳಿಸಿ ಅಲ್ಲಾಡಿಸಿ ತೋರಿಸಿದರು. ತೂತು ಗುಂಡಗೆ ಉಳಿದಿರಲಿಲ್ಲ, ಮೊಟ್ಟೆಯಾಕಾರ ಆಗಿತ್ತು. ಪ್ರತಿ ಹೊಡೆತಕ್ಕೂ ರೈಫಲ್ ತನ್ನ ಹಿಡಿಯೊಳಗೇ ಜಾಗ ಬದಲಿಸುತ್ತಿತ್ತು. ನನ್ನ ಎರಡು ಇಂಚಿಗೆ ಕಾರಣ ಅದು. ತೂತಿಗೆ ಎಪಾಕ್ಸಿ ತುಂಬಿ ಒಂದು ಹಿತ್ತಾಳೆ ಬುಶ್ (ತೂತಿನೊಳಗೆ ಕೂರುವ ಸಣ್ಣ ಕೊಳವೆ) ಕೂರಿಸಿದ್ದರೆ ಮುಗಿದಿತ್ತು. ಸ್ಪ್ರಿಂಗಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಕಿವುಚುತ್ತದೆ.

ಹಾಗಾಗಿ ಸ್ಪ್ರಿಂಗೋ ಸ್ಕೋಪೋ ಅನ್ನುವ ನಿಮ್ಮ ಆಯ್ಕೆಯನ್ನೇ ನಾನು ಒಪ್ಪುವುದಿಲ್ಲ. ವೇಗ ಬೇರೆ, ನಿಖರತೆ ಬೇರೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಪಂದ್ಯದ ರೈಫಲ್‌ಗಳನ್ನು ನೋಡಿ. ಗುರಿಹಾಳೆಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್, ಅದಕ್ಕೆ ಹೊಡೆಯುವ ಪೆಲೆಟ್ಟಿನ ವೇಗ ಸೆಕೆಂಡಿಗೆ 170–175 ಮೀಟರ್. ನನ್ನ ಅಪ್ಪನ "ನಿತ್ರಾಣ" ಬಂದೂಕಿಗಿಂತ ಹೆಚ್ಚೇನಿಲ್ಲ! 50 ಮೀಟರಿನಲ್ಲೂ ಹಾಗೇ. ಆಗ ನಮ್ಮ ಪುಣೆಯ ರೈಲ್ವೆ ವಿಭಾಗದಲ್ಲಿ ನೌಕರನಾಗಿದ್ದ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಗೆದ್ದದ್ದು .22 ರೈಫಲ್‌ನಲ್ಲಿ. ಆ ಪಂದ್ಯದ ಗುಂಡನ್ನು ಶಬ್ದದ ವೇಗ ದಾಟದಂತೆ ಬೇಕೆಂದೇ ತಯಾರಿಸುತ್ತಾರೆ. ಅವರೆಲ್ಲ ಹುಡುಕುವುದು ಪ್ರತಿ ಸಲವೂ ಒಂದೇ ವೇಗವನ್ನು.

ಸ್ಪ್ರಿಂಗ್ ರೈಫಲ್‌ನಲ್ಲಿ ಇನ್ನೊಂದು ತೊಡಕಿದೆ. ಟ್ರಿಗರ್ ಬಿಟ್ಟ ಮೇಲೆ ಪೆಲೆಟ್ ಹೊರಬೀಳಲು ಸುಮಾರು ಸೆಕೆಂಡಿನ ನೂರನೇ ಒಂದು ಭಾಗ ಬೇಕು. ಅಷ್ಟರಲ್ಲಿ ಪಿಸ್ಟನ್ ಮುಂದೆ ಹೋಗುತ್ತಾ ರೈಫಲ್ ಹಿಂದೆ ಬರುತ್ತದೆ, ಪಿಸ್ಟನ್ ಗಾಳಿಗೆ ಬಡಿದು ನಿಂತಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಇಷ್ಟೆಲ್ಲ ಅಲುಗಾಟದ ನಡುವೆ ಪೆಲೆಟ್ ನಳಿಗೆಯೊಳಗೇ ಇರುತ್ತದೆ. ಗಟ್ಟಿ ಸ್ಪ್ರಿಂಗ್ ಅಂದರೆ ಗಟ್ಟಿ ಜಗ್ಗಾಟ. ಸ್ಕೋಪ್ ಒಡೆಯುವುದೂ ಇದರಿಂದಲೇ: ಸಾಮಾನ್ಯ ಸ್ಕೋಪ್ ಹಿಂದಕ್ಕೆ ಬೀಳುವ ಒದೆತಕ್ಕೆ ಮಾತ್ರ ತಯಾರಾಗಿರುತ್ತದೆ. ಕೊಳ್ಳುವುದಾದರೆ ಏರ್ ರೈಫಲ್‌ಗೆಂದೇ ಮಾಡಿದ್ದನ್ನು, 10 ಮೀಟರಿಗೂ ಪ್ಯಾರಲಾಕ್ಸ್ (ಕಣ್ಣು ಸರಿದಾಗ ಗುರಿಗೆರೆ ಸರಿದಂತೆ ಕಾಣುವ ದೋಷ) ಹೊಂದಿಸಬಹುದಾದದ್ದನ್ನು ಕೊಳ್ಳಿ. ದೊಡ್ಡದು ಬೇಡ. ಹೆಚ್ಚು ವರ್ಧನೆ ನಿಮ್ಮ ಕೈನಡುಕವನ್ನು ದೊಡ್ಡದಾಗಿ ತೋರಿಸುತ್ತದೆ, ಕಡಿಮೆ ಮಾಡುವುದಿಲ್ಲ. ಮತ್ತೆ, ಲೈಸೆನ್ಸ್ ಬೇಡದ 4.5 ಮಿ.ಮೀ. ಏರ್ ರೈಫಲ್‌ಗೆ ಶಕ್ತಿಯ ಮಿತಿ 20 ಜೂಲ್. ಆಧುನಿಕ ರೈಫಲ್ ಅದಕ್ಕೆ ಹತ್ತಿರದಲ್ಲೇ ಇದ್ದರೆ ಗಟ್ಟಿ ಸ್ಪ್ರಿಂಗ್ ಆ ಗೆರೆಯನ್ನೂ ದಾಟಿಸೀತು.

ಈಗಿನ ನನ್ನ ರೈಫಲ್ ಇಲ್ಲಿಯೇ ಕೊಂಡ ಸಾಧಾರಣ ಸ್ಪ್ರಿಂಗ್ ರೈಫಲ್. 25 ಮೀಟರಿಗೆ ಹತ್ತು ಪೆಲೆಟ್ ಮುಕ್ಕಾಲು ಇಂಚಿನೊಳಗೆ ಬೀಳುತ್ತವೆ. ಮೊದಲು ಹಿಡಿಯ ಸ್ಕ್ರೂಗಳನ್ನು ನೋಡಿದೆ, ಹಲ್ಲಿರುವ ವಾಷರ್ ಹಾಕಿ, ಸ್ಕ್ರೂ ತಲೆಯ ಮೇಲೆ ಉಗುರುಬಣ್ಣದ ಗೆರೆ ಎಳೆದೆ. ಗೆರೆ ಸರಿದರೆ ಸ್ಕ್ರೂ ಸಡಿಲಾಗಿದೆ ಅಂತ. ನಳಿಗೆಯ ಬುಡದ ಕೀಲಿನ ಮೇಲೆ ತೆಳು ಟಿಶ್ಯೂ ಕಾಗದ ಇಟ್ಟು ಹೊಡೆದೆ. ಕಾಗದ ಹಾರಿತು, ಅಂದರೆ ಗಾಳಿ ಸೋರುತ್ತಿತ್ತು, ಸೀಲ್ ಬದಲಿಸಿದೆ. ಸಿಲಿಂಡರಿನೊಳಗೆ ಎಣ್ಣೆ ಬಿಡಲೇಬೇಡಿ. ಒತ್ತಡಕ್ಕೆ ಅದು ಡೀಸೆಲ್ ಎಂಜಿನ್ನಿನ ಹಾಗೆ ಹೊತ್ತಿಕೊಳ್ಳುತ್ತದೆ, ಹೊಗೆ ಬರುತ್ತದೆ, ಒಂದೊಂದು ಹೊಡೆತಕ್ಕೆ ಒಂದೊಂದು ವೇಗ.

ಆಮೇಲೆ ಪೆಲೆಟ್. ಹೆಚ್ಚಿನ ಹಣ ಇಲ್ಲಿಗೆ ಹಾಕಿ, ಸ್ಪ್ರಿಂಗಿಗಲ್ಲ. ನಾನು ಬಳಸುತ್ತಿದ್ದ ಅಗ್ಗದ ಡಬ್ಬಿಯನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದಾಗ ಒಂದೇ ಡಬ್ಬಿಯಲ್ಲಿ 0.48 ಗ್ರಾಂ ಇದ್ದದ್ದೂ 0.55 ಇದ್ದದ್ದೂ ಸಿಕ್ಕಿತು. ಒಳ್ಳೆಯ ಡಬ್ಬಿಗಳ ಮೇಲೆ ಪೆಲೆಟ್ಟಿನ ತಲೆಯ ಅಳತೆ 4.50, 4.51, 4.52 ಮಿ.ಮೀ. ಅಂತ ಬರೆದಿರುತ್ತದೆ. ನಾಲ್ಕೈದು ಬಗೆ ತಂದು ಪ್ರತಿಯೊಂದನ್ನೂ ಹತ್ತು ಹತ್ತು ಹೊಡೆದು ನೋಡಿ. ಮೂರು ಹೊಡೆದು ಚೆನ್ನಾಗಿ ಬಂದ ಹಾಳೆಯನ್ನು ಗೋಡೆಗೆ ಅಂಟಿಸಬೇಡಿ. ಮೂರು ಪೆಲೆಟ್ ಅದೃಷ್ಟಕ್ಕೂ ಒಟ್ಟಿಗೆ ಬೀಳುತ್ತವೆ, ಹತ್ತು ಬೀಳುವುದಿಲ್ಲ. ನಳಿಗೆ ಉಜ್ಜಿದ ಮೇಲಿನ ಮೊದಲ ಇಪ್ಪತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಿಡಿಯುವ ರೀತಿಯನ್ನು ಪುಣೆಯ ಬಾಲೇವಾಡಿ ಶೂಟಿಂಗ್ ರೇಂಜಿನಲ್ಲಿ ಒಬ್ಬ ಹುಡುಗಿ ನನಗೆ ಕಲಿಸಿದಳು, ಅವಳಿಗೆ ಹದಿನಾರೋ ಹದಿನೇಳೋ. ಮುಂಭಾಗವನ್ನು ಮುಷ್ಟಿಯಲ್ಲಿ ಹಿಡಿಯದೆ ತೆರೆದ ಅಂಗೈ ಮೇಲೆ ಮಲಗಿಸಬೇಕು, ಕೈ ಪ್ರತಿ ಸಲ ಅದೇ ಜಾಗದಲ್ಲಿರಬೇಕು. ರೈಫಲ್ ತನಗೆ ಬೇಕಾದಷ್ಟು ಅಲುಗಲಿ, ಆದರೆ ಪ್ರತಿ ಸಲ ಒಂದೇ ಥರ ಅಲುಗಲಿ.

ತೋಟದ ವಿಚಾರ ನೇರವಾಗಿ ಹೇಳಿಬಿಡುತ್ತೇನೆ. ನವಿಲು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಪಟ್ಟಿಯಲ್ಲಿದೆ, ಅದರ ಕಡೆ ನಳಿಗೆ ತಿರುಗಿಸಲೇಬೇಡಿ. ಮಂಗನಿಗೆ ಅರ್ಧ ಗ್ರಾಂ ಸೀಸ ಹೊಡೆದರೆ ಅದು ಸಾಮಾನ್ಯವಾಗಿ ತಕ್ಷಣ ಸಾಯುವುದಿಲ್ಲ, ಮೈಯೊಳಗೆ ಸೀಸ ಹೊತ್ತು ಕೀವಾಗಿ ನರಳುತ್ತದೆ. ಎರಡು ಇಂಚು ಹರಡುವ ಬಂದೂಕಿನಿಂದ ಹೆಗ್ಗಣಕ್ಕೂ ಹೊಡೆಯಬೇಡಿ, ಬೋನು ಇಡಿ. ಕಾಗದಕ್ಕೆ ಹೊಡೆಯಿರಿ, ಅದರಲ್ಲೇ ಜೀವಮಾನಕ್ಕಾಗುವಷ್ಟು ಕೆಲಸ ಇದೆ.

ಈ ಭಾನುವಾರ ಸ್ಕ್ರೂ ಬಿಗಿ ಮಾಡಿ, ಹತ್ತು ಹೊಡೆದು ಹಾಳೆಯ ಫೋಟೋ ಹಾಕಿ. ಉದ್ದಕ್ಕೆ ಮೇಲೆ-ಕೆಳಗೆ ಹರಡಿದ್ದರೆ ರೈಫಲ್‌ನ ಮುಂಭಾಗ ಹೊತ್ತ ಕೈಯ ಜಾಗ ಬದಲಾಗುತ್ತಿದೆ. ಎರಡು ಬೇರೆ ಬೇರೆ ಗುಂಪು ಕಂಡರೆ ಹಿಡಿಯೋ ಸ್ಕೋಪಿನ ಮೌಂಟೋ ಸರಿದಾಡುತ್ತಿದೆ. ಎಲ್ಲ ಕಡೆ ಚೆಲ್ಲಿದ್ದರೆ ಡಬ್ಬಿಯ ಹೆಸರನ್ನೂ ಬರೆಯಿರಿ. ಮತ್ತೆ, ನಳಿಗೆ ಮಡಚಿದಾಗ ಎಡಗೈ ಅದನ್ನು ಹಿಡಿದೇ ಇರಲಿ, ಪೆಲೆಟ್ ಹಾಕಿ ಮುಗಿಯುವ ತನಕ.